ಹದಿಮೂರನೆಯ ತೋಪು

॥ ಶ್ರೀ ॥

ರೇಲ್ವೆ ಕ್ವಾರ್ಟರ್ಸ್, ಅಜನಿ, ನಾಗಪುರ
ಗುರುವಾರ, ೩ ನವೆಂಬರ್ ೧೯೫೫

ಹೆಸರು ಬರೆಯುವ ಹಾಗಿಲ್ಲದ ನಮ್ಮ ಮನೆಯವರಿಗೆ ಭಾಮೆಯ ನಮಸ್ಕಾರಗಳು.

ಮೊದಲು ನಿಮ್ಮ ಹೊಟ್ಟೆಯ ಸಮಾಚಾರ ಬರೆಯಿರಿ. ಖರಗಪುರದ ಆ ಖಾನಾವಳಿಯವನು ಇನ್ನೂ ಪಲ್ಯಕ್ಕೆ ಸಾಸಿವೆ ಎಣ್ಣೆಯನ್ನೇ ಸುರಿಯುತ್ತಿದ್ದಾನೆಯೇ, ಇಲ್ಲ ನೀವು ಬಾಯಿಬಿಟ್ಟು ಬೇಡವೆಂದು ಹೇಳಿದಿರೋ? ನಿಮ್ಮ ಬಾಯಿಯ ಸಂಗತಿ ನನಗೆ ಗೊತ್ತಿಲ್ಲದ್ದಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಒಂದು ಕಾಳು ಹೆಚ್ಚಾದರೂ ಹುಬ್ಬು ಏರಿಸುವವರು, ಹೊರಗೆ ಯಾರು ಏನು ಬಡಿಸಿದರೂ ಬಗ್ಗಿಸಿದ ತಲೆ ಎತ್ತದೆ ಉಂಡು ಬರುತ್ತೀರಿ. ಹೋದ ತಿಂಗಳು ಪಾರ್ಸೆಲ್ಲಿನಲ್ಲಿ ಕಳಿಸಿದ ಮೆಂತ್ಯದ ಹಿಟ್ಟು ಮುಗಿದಿದ್ದರೆ ನಾಚಿಕೆ ಬಿಟ್ಟು ಬರೆಯಿರಿ, ಮತ್ತೆ ಮಾಡಿ ಕಳಿಸುತ್ತೇನೆ. ಮೊಸರನ್ನದ ಮೇಲೆ ಒಂದು ಚಮಚ ಮೆಂತ್ಯದ ಹಿಟ್ಟು ಇದ್ದರೆ ಬಂಗಾಲದಲ್ಲೂ ಬದುಕಬಹುದು. ಉಣ್ಣೆಯ ಮಫ್ಲರು ನಿಮ್ಮ ಪೆಟ್ಟಿಗೆಯ ತಳದಲ್ಲಿ, ಧೋತರಗಳ ಅಡಿಯಲ್ಲಿದೆ. ಹುಡುಕಿದರೂ ಸಿಗಲಿಲ್ಲವೆಂದು ಈ ಸಲವೂ ಬರೆಯಬೇಡಿ.

ಇಲ್ಲಿ ನಾನೂ ಪ್ರಭಾಳೂ ಕ್ಷೇಮ. ಪ್ರಭಾಳ ಪರೀಕ್ಷೆ ಮುಗಿಯಿತು. ಮಗಳು ಎತ್ತರದಲ್ಲಿ ನನ್ನ ಕಿವಿಯ ತನಕ ಬಂದಿದ್ದಾಳೆ, ಅವಳ ಕನ್ನಡ ಮಾತ್ರ ಇನ್ನೂ ಅಂಬೆಗಾಲು ಇಡುತ್ತಿದೆ. ನಿಮ್ಮ ಕಾಗದ ಬಂದರೆ ಬೆರಳಿಟ್ಟು ಓದಲು ಕೂರುತ್ತಾಳೆ. ನಾಲ್ಕು ಸಾಲಿಗೆ ಸಾಕಾಗಿ, ‘ಅಪ್ಪಾನ ಅಕ್ಷರ ಮಸ್ತ್ ಅವ, ಪಣ ಜಲ್ದಿ ಓದಲಿಕ್ಕೆ ಬರೂದಿಲ್ಲ, ನೀನೇ ಓದವಾ’ ಎಂದು ನನ್ನ ಕೈಗೆ ಕೊಡುತ್ತಾಳೆ. ಇವತ್ತು ಮಾತ್ರ ಅವಳಿಗೆ ಕನ್ನಡ ಓದಲು ಬಾರದಿರುವುದೇ ಒಳ್ಳೆಯದಾಯಿತು. ತಾಯಿಯ ಮಾನ ಅಷ್ಟರ ಮಟ್ಟಿಗೆ ಉಳಿಯುತ್ತದೆ.

ಪೇಪರಿನ ತುಂಬ ರಾಜ್ಯಗಳನ್ನು ಒಡೆದು ಕೂಡಿಸುವ ಸುದ್ದಿ. ನಮ್ಮ ಧಾರವಾಡ ಎಲ್ಲಿಗೆ ಸೇರುತ್ತದೆ, ಈ ನಾಗಪುರ ಎಲ್ಲಿಗೆ ಹೋಗುತ್ತದೆ ಎಂದು ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರೂ ಜಗಳವಾಡುತ್ತಿದ್ದಾರೆ. ನನಗೆ ಬೇಕಾದ ಸುದ್ದಿ ಒಂದೇ, ನೀವು ಎಲ್ಲಿರುತ್ತೀರಿ ಎನ್ನುವುದು. ‘ನವೆಂಬರ್ ಹದಿನೈದರ ಒಳಗೆ ಒಪ್ಪಿಗೆಗೆ ಸಹಿ ಮಾಡಬೇಕು, ಮಾಡಿದರೆ ನಕ್ಷೆಯ ಕೆಲಸ ಕಾಯಮಾಗಿ ಬಿಟ್ಟು ಇಲ್ಲಿಯ ದಫ್ತರದ ಕೋಣೆಯಲ್ಲಿ ಗುಮಾಸ್ತನಾಗುತ್ತೇನೆ, ಮನೆ ಖಾಲಿ ಮಾಡುವ ತಯಾರಿ ಇಟ್ಟುಕೋ’ ಎಂದು ಹೋದ ಪತ್ರದಲ್ಲಿ ಮೂರೇ ಸಾಲು ಬರೆದಿದ್ದೀರಿ. ಇಪ್ಪತ್ತೆರಡು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವರು ತಾವಾಗಿಯೇ ಅರ್ಜಿ ಕೊಟ್ಟು ಹಳೆಯ ಕಾಗದ ಕಾಯುವ ಕೆಲಸಕ್ಕೆ ಇಳಿಯುವುದನ್ನು ನಾನೆಲ್ಲೂ ಕೇಳಿಲ್ಲ. ಆ ಮೂರು ಸಾಲು ಓದಿದ ದಿನದಿಂದ ನನಗೆ ಅನ್ನ ರುಚಿಸಿಲ್ಲ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಈ ಕಾಗದವನ್ನು ಕೊನೆಯ ಸಾಲಿನ ತನಕ ಓದುವವರೆಗೆ ಆ ಒಪ್ಪಿಗೆಗೆ ಸಹಿ ಹಾಕಬೇಡಿ. ಉದ್ದದ ಕಾಗದ ಕಂಡರೆ ಅರ್ಧಕ್ಕೇ ಮಡಚಿ, ‘ಆಮ್ಯಾಲೆ ಓದ್ತೀನಿ’ ಎಂದು ಕಿಸೆಗೆ ಹಾಕುವವರು ನೀವು, ಅದಕ್ಕೇ ಮೊದಲೇ ಹೇಳಿಟ್ಟಿದ್ದೇನೆ.

ಸಂತ್ರಿ ಹಣ್ಣಿನ ಹಂಗಾಮು ಶುರುವಾಯಿತು. ಸೀತಾಬರ್ಡಿಯ ಹಣ್ಣಿನವನು ನಿಮಗಾಗಿ ಎರಡು ಖಾಲಿ ಪೆಟ್ಟಿಗೆ ತೆಗೆದಿಟ್ಟಿದ್ದಾನೆ, ಗಂಟಿಲ್ಲದ ಹಲಗೆ ನೋಡಿಯೇ ಆರಿಸಿದ್ದಾನಂತೆ. ‘ಜಹಾಜ್‌ವಾಲೇ ಸಾಹಬ್ ಕಬ್ ಆಯೇಂಗೆ?’ ಎಂದು ಕೇಳಿದ. ಹಡಗಿನ ಸಾಹೇಬರು ಯಾವಾಗ ಬರುತ್ತಾರೆಂದು ನನಗೆ ಗೊತ್ತಿದ್ದರಲ್ಲವೇ ಹೇಳುವುದು. ಬೇಡವೆನ್ನಲು ಮನಸ್ಸಾಗದೆ ಎರಡೂ ಪೆಟ್ಟಿಗೆ ಟಾಂಗಾದಲ್ಲಿ ಹಾಕಿಸಿಕೊಂಡು ಬಂದೆ. ಈಗ ಬಚ್ಚಲ ಬಾಗಿಲ ಹತ್ತಿರ ಇಟ್ಟಿದ್ದೇನೆ. ನೀರೊಲೆಗೆ ಮಾತ್ರ ಹಾಕಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಹೋಗುವಾಗ ನೀವು ಕೀಲಿ ಹಾಕಿ, ‘ಇದನ್ನ ತೆಗೀಬ್ಯಾಡ’ ಎಂದಿದ್ದ ಹಸಿರು ಟ್ರಂಕನ್ನು ಆಯುಧಪೂಜೆಯ ದಿನ ತೆಗೆದೆ. ಕೀಲಿಯನ್ನು ದೇವರ ಗೂಡಿನ ಹಿಂದೆ ಇಟ್ಟರೆ ನನಗೆ ಸಿಗುವುದಿಲ್ಲವೆಂದು ತಿಳಿದಿರಲ್ಲ, ಆ ಗೂಡನ್ನು ದಿನಾ ಒರೆಸುವವರು ಯಾರು? ನಾನು ಈ ಮನೆಗೆ ಬಂದಾಗಿನಿಂದ ಒಂದು ವರ್ಷವೂ ನಿಮ್ಮ ಆಯುಧಗಳಿಗೆ ಪೂಜೆ ತಪ್ಪಿಲ್ಲ. ಈ ಸಲ ಪಕ್ಕದ ಮನೆಯ ಲೋಕೋ ಶೆಡ್ಡಿನವರು ತಮ್ಮ ಪಾನಾ ಸುತ್ತಿಗೆಗಳಿಗೆಲ್ಲ ಚೆಂಡುಹೂವಿನ ಮಾಲೆ ಹಾಕಿ ಕೂತಿದ್ದರೆ, ನಮ್ಮ ಮಣೆಯ ಮೇಲೆ ನನ್ನ ಈಳಿಗೆ ಮತ್ತು ಪ್ರಭಾಳ ಕಂಪಾಸಿನ ಡಬ್ಬಿ ಎರಡೇ. ಗಂಡಸು ಇರುವ ಮನೆಯಂತೆ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ. ನಿಮ್ಮ ಸ್ಕೇಲು, ಗೆರೆ ಎಳೆಯುವ ಪೆನ್ನುಗಳು, ಹ್ಯಾಕ್ಸಾ ಬ್ಲೇಡು ಅರೆದು ಮಾಡಿಕೊಂಡ ಚಾಕು, ಮೂರೇ ಕೂದಲಿನ ಕುಂಚ, ಎಲ್ಲ ತೆಗೆದು ಸಾಲಾಗಿ ಇಟ್ಟೆ. ಕೆಳಗೆ ಹಳೆಯ ಧೋತರದಲ್ಲಿ ಸುತ್ತಿ ಮಲಗಿಸಿದ್ದ ಹಡಗುಗಳನ್ನೂ ತೆಗೆದೆ. ಬಣ್ಣಕ್ಕೆ ಏನಾದರೂ ತಾಗೀತೆಂದು ಹಡಗುಗಳಿಗೆ ಕುಂಕುಮ ಹಚ್ಚಲಿಲ್ಲ, ಅಕ್ಷತೆಯನ್ನಷ್ಟೇ ಹಾಕಿದೆ. ಸಮುದ್ರವೇ ಇಲ್ಲದ ಊರಿನಲ್ಲಿ ಹನ್ನೊಂದು ಯುದ್ಧದ ಹಡಗುಗಳಿಗೆ ಆರತಿ ಎತ್ತಿದವಳು ನಾನೊಬ್ಬಳೇ ಇರಬೇಕು.

ಇವೇ ಹಡಗುಗಳನ್ನು ನಾನು ಆರು ವರ್ಷದಲ್ಲಿ ಎಷ್ಟು ಬೈದಿಲ್ಲ. ನಿಮ್ಮ ಜೀವದ ಗೆಳೆಯ ಪಾಂಡುರಂಗ ಮಾಸ್ತರರು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವುದು ಸಾಲದೆಂದು ಅದನ್ನು ನಮ್ಮ ಮನೆಗೂ ಹೊತ್ತು ತಂದರು. ಕೊಂಕಣದ ಕಡಲಲ್ಲಿ ಮರಾಠಾ ಸರದಾರ ಆಂಗ್ರೆಯವರ ಹಡಗುಗಳೂ ಇಂಗ್ಲಿಷ್ ಕಂಪನಿಯ ಹಡಗುಗಳೂ ಇನ್ನೂರು ವರ್ಷದ ಹಿಂದೆ ಕಾದಾಡಿದವಂತೆ, ಅವನ್ನು ಮೇಜಿನ ಮೇಲೆ ಇನ್ನೊಮ್ಮೆ ಕಾದಾಡಿಸಬೇಕಂತೆ. ಆಟದ ನಿಯಮ ಅವರದು, ಹಡಗು ನಿಮ್ಮದು. ಅವರು ತಂದ ಪುಸ್ತಕದಲ್ಲಿದ್ದ ಚಿತ್ರ ಪೋಸ್ಟಿನ ಸ್ಟಾಂಪಿಗಿಂತ ದೊಡ್ಡದಿರಲಿಲ್ಲ. ನೀವು ಅದನ್ನೇ ಅಳೆದು ಅಳೆದು ಸೇತುವೆಯ ನಕ್ಷೆಯಂತೆ ಮೂರು ಮಗ್ಗುಲಿನಿಂದ ನಕ್ಷೆ ತೆಗೆದಿರಿ. ಆಮೇಲೆ ನನ್ನ ಮನೆ ಹಡಗು ಕಟ್ಟುವ ಬಂದರಾಯಿತು. ಸಂತ್ರಿ ಪೆಟ್ಟಿಗೆಯ ಹಲಗೆ ಕೆತ್ತಿ ಒಡಲು, ಊರಿಂದ ತಂದ ತೆಂಗಿನ ಕಸಬರಿಗೆಯ ಕಡ್ಡಿ ಹಾಯಿಕಂಬ. ನಿಮ್ಮ ಕಚೇರಿಯ ಹಾಳಾದ ಟ್ರೇಸಿಂಗ್ ಬಟ್ಟೆಯನ್ನು ಬಿಸಿನೀರಲ್ಲಿ ತೊಳೆದರೆ ಒಳಗಿಂದ ಮಲ್ಲಿನಂಥ ಅರಿವೆ ಬರುತ್ತದೆ, ಅದರಲ್ಲಿ ಪ್ರಭಾಳಿಗೆ ಕರವಸ್ತ್ರ ಹೊಲಿಯೋಣವೆಂದರೆ ಅದೆಲ್ಲ ಹಾಯಿಗಳ ಪಾಲಾಯಿತು. ಅನ್ನದ ಗಂಜಿ ಹಾಯಿಗೆ, ಕುಪ್ಪಸದ ಕೊಕ್ಕೆ ಲಂಗರಿಗೆ, ದಾರದುಂಡೆ ಹಗ್ಗಕ್ಕೆ. ಒಗ್ಗರಣೆಗೆ ಕೈ ಹಾಕಿದರೆ ಸಾಸಿವೆ ಡಬ್ಬಿಯೂ ಇರುತ್ತಿರಲಿಲ್ಲ, ಕಾಳು ಕಾಳು ಆರಿಸಿ ತೋಪಿನ ಗುಂಡು ಮಾಡಿ ಹಡಗಿನ ಮೇಲೆ ಅಂಟಿಸುತ್ತ ಕೂತಿರುತ್ತಿದ್ದಿರಿ.

ನನ್ನ ನೀಲಿ ಇಳಕಲ್ ಸೀರೆಯನ್ನೂ ನೀವು ಬಿಡಲಿಲ್ಲ. ಹರಿದಿರಲಿಲ್ಲ, ಬಣ್ಣ ಮಾಸಿತ್ತಷ್ಟೆ. ‘ಸಮುದ್ರದ ಬಣ್ಣಾ ಇದಕ್ಕಿಂತ ಬರೋಬರ್ ಎಲ್ಲೂ ಸಿಗೂದಿಲ್ಲ ಭಾಮಾ’ ಎಂದಿರಿ. ಸಮುದ್ರವನ್ನು ನೀವೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ರೇಲ್ವೆ ಇನ್‌ಸ್ಟಿಟ್ಯೂಟಿನ ಎರಡು ಮೇಜು ಜೋಡಿಸಿ ಅದರ ಮೇಲೆ ನನ್ನ ಸೀರೆ ಹಾಸಿದರೆ, ಒಡಲು ಕಡಲಾಯಿತು, ಕೆಂಪು ಸೆರಗು ಕೊಂಕಣದ ದಂಡೆಯಾಯಿತು. ತಿಂಗಳಿಗೊಂದು ಭಾನುವಾರ ನೀವಿಬ್ಬರೂ ಅದರ ಎರಡು ತುದಿಗೆ ನಿಂತು, ಬೆಕ್ಕು ಇಲಿ ನೋಡುವ ಹಾಗೆ ನೋಡುತ್ತ, ಗಾಳಿ ಯಾವ ದಿಕ್ಕಿಗೆ ಎಂದು ಚೀಟಿ ಎತ್ತುತ್ತಿದ್ದಿರಿ. ಒಮ್ಮೆ ಕಿಟಕಿಯಿಂದ ಹಣಕಿ ನೋಡಿ ನಕ್ಕು ಬಂದಿದ್ದೆ. ನಗು ಹೊರಗಿನದು. ಒಳಗೆ, ಮನುಷ್ಯ ಸಂತೋಷವಾಗಿದ್ದಾನಲ್ಲ, ಸೀರೆ ಹೋದರೆ ಹೋಗಲಿ ಎಂದುಕೊಂಡಿದ್ದೆ.

ಇನ್ನು ಜೂನ್ ತಿಂಗಳ ಆ ಭಾನುವಾರದ ಮಾತು. ಹದಿನಾಲ್ಕು ತಿಂಗಳು ಕೂತು ಕಟ್ಟಿದ ದೊಡ್ಡ ಗುರಾಬು, ಆ ಮೂರು ಹಾಯಿಕಂಬದ ಹಡಗು, ಅವತ್ತು ಮೊದಲ ಸಲ ಆಟಕ್ಕೆ ಹೊರಟಿತ್ತು. ಬೆಳಗ್ಗೆ ಅದನ್ನು ಬಿಸಿಲಿಗೆಂದು ಕಿಟಕಿಯ ಹಲಗೆಯ ಮೇಲೆ ಇಟ್ಟಿದ್ದಿರಿ. ಕೆಮ್ಮಣ್ಣಿನ ಬಣ್ಣದ ಒಡಲು, ಸುತ್ತ ಬಿಳಿಯ ಪಟ್ಟಿ, ಪಟ್ಟಿಯ ಮೇಲೆ ಬೆಂಕಿಕಡ್ಡಿಯ ತುದಿಯಿಂದ ಇಟ್ಟ ದುಂಡನೆಯ ಕರಿ ಚುಕ್ಕೆಗಳು, ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಆ ಹಡಗನ್ನು ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ. ನಮ್ಮವರ ಕೈಯಲ್ಲಿ ಇಂಥದ್ದು ಇತ್ತಲ್ಲ ಎಂದು ಕಣ್ಣು ತುಂಬಿತು. ಅಷ್ಟು ಚಂದದ್ದನ್ನು ಅಷ್ಟು ಜನರ ಕಣ್ಣೆದುರು ಒಯ್ಯುತ್ತಾರಲ್ಲ ಎಂದು ಒಳಗೊಳಗೇ ಹೆದರಿಕೆಯೂ ಆಯಿತು. ನಿಮಗೆ ಎರಡನ್ನೂ ಹೇಳಲಿಲ್ಲ. ‘ಜಲ್ದಿ ಜಳಕಾ ಮಾಡ್ರಿ, ನೀರು ಆರ್ತಾವ’ ಎಂದಷ್ಟೇ ಹೇಳಿದೆ.

ಸಂಜೆ ದೀಪ ಹತ್ತುವ ಹೊತ್ತಿಗೆ ಬರಬೇಕಾದವರು ಮಧ್ಯಾಹ್ನ ಮೂರಕ್ಕೇ ಬಂದಿರಿ. ಮುಖ ಸುಣ್ಣದ ಗೋಡೆಯಾಗಿತ್ತು. ಹಡಗುಗಳನ್ನು ಸುತ್ತಿ ಟ್ರಂಕಿಗೆ ಹಾಕಿ, ‘ಭಾಮಾ, ನನ್ನ ಕಣ್ಣು ಕೈ ಕೊಟ್ಟಾವ. ಇನ್ನ ಗೆರಿ ಎಳಿಯೋ ಕೆಲಸ ನನಗ ಬ್ಯಾಡ’ ಎಂದಿರಿ. ಕಣ್ಣಿನ ಡಾಕ್ಟರಲ್ಲಿಗೆ ನಾನೇ ಎಳೆದುಕೊಂಡು ಹೋದೆ. ಅವರು ಕಣ್ಣು ಚೆನ್ನಾಗಿಯೇ ಇವೆ ಎಂದಾಗ ನೀವು ಮೆಟ್ಟಿಲಿಳಿಯುತ್ತ, ‘ಕಣ್ಣು ಚಲೋ ಅವ ಅಂದ್ರ ಇನ್ನೂ ಕೆಟ್ಟದ್ದು’ ಎಂದಿರಿ. ನನಗೆ ತಲೆಬುಡ ತಿಳಿಯಲಿಲ್ಲ. ಎಷ್ಟು ಕೇಳಿದರೂ ಹೇಳಲಿಲ್ಲ. ಜುಲೈ ಬರುವಷ್ಟರಲ್ಲಿ ನಕ್ಷೆಯ ಕೆಲಸ ಬೇಡವೆಂದು ಅರ್ಜಿ ಕೊಟ್ಟು, ಹಾಸಿಗೆ ಸುತ್ತಿಕೊಂಡು ಖರಗಪುರಕ್ಕೆ ಹೊರಟೇಹೋದಿರಿ.

ಆಗ ನಾನೇ ಲೆಕ್ಕ ಹಾಕಿದೆ, ಇದೆಲ್ಲ ಪಾಂಡುರಂಗ ಮಾಸ್ತರರ ಕೆಲಸ ಎಂದು. ಆಟದಲ್ಲಿ ಸೋತು ನಾಲ್ಕು ಜನರೆದುರು ಏನೋ ಅಂದಿದ್ದಾರೆ, ಇವರು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು. ನಿಮ್ಮ ಹೆಂಡತಿ ಒಮ್ಮೆ ತೀರ್ಮಾನ ಮಾಡಿದಳೆಂದರೆ ಮುಗಿಯಿತು. ಮಾಸ್ತರರು ಎದುರು ಬಂದರೆ ರಸ್ತೆ ದಾಟಿದೆ. ಶ್ರಾವಣ ಶುಕ್ರವಾರ ಕೃಷ್ಣವೇಣಿಬಾಯಿ ಅರಿಶಿನ ಕುಂಕುಮಕ್ಕೆ ಕರೆದರೆ, ಪಾಪ, ಮಾಸ್ತರರ ಹೆಂಡತಿಯಾದದ್ದೊಂದೇ ಅವರ ತಪ್ಪು, ಮೈ ಸರಿಯಿಲ್ಲವೆಂದು ಹೇಳಿ ಕಳಿಸಿ ಅದೇ ದಿನ ಪೇಟೆಯಲ್ಲಿ ಅವರ ಕಣ್ಣಿಗೆ ಬಿದ್ದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಬರೆಯಲು ಈಗ ನಾಚಿಕೆಯಾಗುತ್ತದೆ.

ದಸರೆಯ ಸಂಜೆ ಗಂಡಹೆಂಡತಿ ಇಬ್ಬರೂ ಬನ್ನಿ ಹಿಡಿದು ಬಾಗಿಲಿಗೆ ಬಂದರು. ಬನ್ನಿ ಹಿಡಿದು ಬಂದವರಿಗೆ ಬಾಗಿಲು ಹಾಕುವ ಹಾಗಿಲ್ಲವಲ್ಲ. ‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ವೈನಿ’ ಎಂದು ಮಾಸ್ತರರು ಎಲೆ ಕೊಟ್ಟರು. ಕೊಟ್ಟವರೇ ಹೊರಡಲು ತಿರುಗಿದರು. ಕೃಷ್ಣವೇಣಿಬಾಯಿಯೇ, ‘ಹೇಳ್ರಿ, ಇನ್ನೆಷ್ಟು ದಿನಾ ಹೊಟ್ಟ್ಯಾಗ ಇಟಗೋತೀರಿ’ ಎಂದು ತಿವಿದರು. ಆಗ ಅವರು ಕುರ್ಚಿಯ ತುದಿಗೆ ಕೂತು, ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ ನೆಲ ನೋಡುತ್ತ, ಎಲ್ಲ ಹೇಳಿದರು. ಮನೆಯಲ್ಲಿ ಹೇಳಬಾರದೆಂದು ನೀವು ಆಣೆ ಹಾಕಿಸಿಕೊಂಡಿದ್ದಿರಂತೆ. ಹದಿನೈದನೆಯ ತಾರೀಖಿನ ಸಂಗತಿ ಅವರಿಗೂ ಬರೆದಿದ್ದಿರಲ್ಲ, ಅದನ್ನು ಓದಿದ ಮೇಲೆ ಆಣೆ ಮುರಿದರೂ ಪಾಪವಿಲ್ಲವೆಂದು ಬಂದಿದ್ದರು. ಅವರನ್ನು ಬೈಯಬೇಡಿ.

ಆಟದ ನಿಯಮ ನನಗೆ ಗೊತ್ತಾದದ್ದೂ ಆ ದಿನವೇ. ಅಲ್ಲಿಯ ತನಕ ಆ ಕರಿ ಚುಕ್ಕೆಗಳೆಲ್ಲ ಅಲಂಕಾರವೆಂದೇ ತಿಳಿದಿದ್ದೆ. ಒಂದೊಂದು ಚುಕ್ಕೆ ಒಂದೊಂದು ತೋಪಿನ ಕಿಂಡಿಯಂತೆ. ಒಂದು ಮಗ್ಗುಲಿಗೆ ಎಷ್ಟು ಕಿಂಡಿಯೋ ಅಷ್ಟೇ ಸಲ ದಾಳ ಹಾಕಬೇಕಂತೆ. ಗುರಾಬಿಗೆ ಮಗ್ಗುಲಿಗೆ ಹನ್ನೆರಡು ಎಂದು ನಿಮ್ಮ ಕೈಯಲ್ಲೇ ಬರೆದ ಪಟ್ಟಿ ಮೇಜಿನ ಮೇಲಿತ್ತಂತೆ. ಕಂಪನಿಯ ದೊಡ್ಡ ಹಡಗಿನ ಎದುರು ಗುರಾಬನ್ನು ತಂದು ನಿಲ್ಲಿಸಿ ನೀವು ‘ಹನ್ನೆರಡು’ ಎಂದಿರಿ. ಮಾಸ್ತರರು ಬಗ್ಗಿ ಎಣಿಸಿ, ತಮಾಷೆಗೆ, ‘ಹನ್ನೆರಡಲ್ಲೋ ಮಾರಾಯಾ, ಹದಿಮೂರು ಅವ. ಒಂದು ತೋಪು ಎಲ್ಲಿಂದ ಕದ್ದು ತಂದೀ?’ ಎಂದರಂತೆ. ಸುತ್ತ ನಿಂತವರು ನಕ್ಕರು. ನೀವು ಎಣಿಸಿದಿರಿ. ಇನ್ನೊಮ್ಮೆ ಎಣಿಸಿದಿರಿ. ಎಡಗಡೆ ಹನ್ನೆರಡು, ಪಟ್ಟಿಯಲ್ಲಿ ಹನ್ನೆರಡು, ಬಲಗಡೆ ಹದಿಮೂರು. ಹೋಗಲಿ ಬಿಡ್ರಿ, ಹದಿಮೂರು ಸಲ ದಾಳ ಹಾಕ್ರಿ ಎಂದು ಯಾರೋ ಅಂದರೂ ನೀವು ಮೇಜು ಹಿಡಿದು ಕೂತುಬಿಟ್ಟಿರಂತೆ. ದಾರಿಯಲ್ಲಿ ಬರುವಾಗ ಮಾಸ್ತರರ ಭುಜ ಹಿಡಿದು, ‘ಹದಿಮೂರನೇದು ಇಟ್ಟಿದ್ದು ನನಗ ನೆನಪಿಲ್ಲೋ. ಅಪ್ಪನ ರೋಗ ನನಗೂ ಬಂತು’ ಎಂದಿರಂತೆ.

ಇದನ್ನು ಕೇಳಿ ನನ್ನ ಎದೆ ಒಡೆಯಿತು. ಮಾವನವರು ಐವತ್ತು ದಾಟುವ ಮೊದಲೇ ಜಪದ ಎಣಿಕೆ ತಪ್ಪತೊಡಗಿದ್ದು, ನೂರೆಂಟು ಮುಗಿದರೂ ಮುಗಿಯಲಿಲ್ಲವೆಂದು ಮಧ್ಯಾಹ್ನದ ತನಕ ಮಣೆ ಬಿಟ್ಟು ಏಳದಿದ್ದುದು, ಕೊನೆಗೆ ನಿಮ್ಮನ್ನೇ ಯಾರಪ್ಪಾ ನೀನು ಎಂದು ಕೇಳಿದ್ದು, ಎಲ್ಲ ಕಣ್ಣಾರೆ ಕಂಡವಳು ನಾನು. ನಿಮಗೂ ಈಗ ನಲವತ್ತೇಳು. ಎಣಿಕೆ ತಪ್ಪಿದವನು ಎಳೆದ ಗೆರೆಯ ಮೇಲೆ ರೈಲು ಹೋಗಬಾರದೆಂದು ನಕ್ಷೆ ಬಿಟ್ಟಿರಿ. ನಿಮ್ಮನ್ನು ಹಾಗೆ ನೋಡುವ ಕಷ್ಟ ನಮಗೆ ಬೇಡವೆಂದು ಊರನ್ನೇ ಬಿಟ್ಟಿರಿ. ಇಷ್ಟು ದೊಡ್ಡ ಹೆದರಿಕೆಯನ್ನು ಒಬ್ಬರೇ ಹೊತ್ತುಕೊಂಡು ಪರದೇಶದ ಖಾನಾವಳಿಯಲ್ಲಿ ತಲೆ ಬಗ್ಗಿಸಿ ಉಣ್ಣುತ್ತಿದ್ದಿರಿ, ನಾನಿಲ್ಲಿ ಮಫ್ಲರಿನ ಬಗ್ಗೆ ಕಾಗದ ಬರೆಯುತ್ತಿದ್ದೆ. ನನಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲವೆಂದು ಸಿಟ್ಟೂ ಇದೆ, ಆದರೆ ಅದನ್ನು ನೀವು ಬಂದ ಮೇಲೆ ತೀರಿಸಿಕೊಳ್ಳುತ್ತೇನೆ.

ಮಾಸ್ತರರೆದುರೇ ಗುರಾಬನ್ನು ತೆಗೆದು ತಂದೆ. ನೀವು ಹೇಳಿಕೊಟ್ಟ ಹಾಗೆ ಅಡಿಯ ಹಲಗೆಯನ್ನಷ್ಟೇ ಹಿಡಿದು ತಿರುಗಿಸಿ ಎಣಿಸಿದೆ. ಎಡಗಡೆ ಹನ್ನೆರಡು. ಬಲಗಡೆ ಎಣಿಸುತ್ತ ಕೊನೆಯ ಚುಕ್ಕೆಗೆ ಬಂದಾಗ ಹಡಗನ್ನು ಮಣೆಯ ಮೇಲಿಟ್ಟು ಗೋಡೆ ಹಿಡಿದು ಕೂತೆ. ಕೃಷ್ಣವೇಣಿಬಾಯಿ, ‘ಯಾಕ್ರೀ ವೈನಿ, ತಲಿ ಸುತ್ತಿತೇನು’ ಎಂದು ನೀರು ತಂದುಕೊಟ್ಟರು. ‘ಏನಿಲ್ರಿ, ಬೆಳಗ್ಗಿಂದ ಉಪವಾಸ’ ಎಂದು ಸುಳ್ಳು ಹೇಳಿದೆ. ಆಗಷ್ಟೇ ಅವರೆದುರು ಎರಡು ಕರಿಗಡಬು ತಿಂದಿದ್ದೆ. ಅವರೂ ನೋಡಿದ್ದರು.

ನೀವು ತಲೆ ಕೆಟ್ಟವರಲ್ಲ ಎನ್ನುವುದಕ್ಕೆ ನನ್ನಲ್ಲಿ ಸಾಕ್ಷಿ ಬೇಕಷ್ಟಿವೆ. ಸೆಪ್ಟೆಂಬರಿನಲ್ಲಿ ನಾನು ಬರೆದ ಕಾಗದದಲ್ಲಿ ಮೂರನೆಯ ಪುಟದ ಅಂಕಿ ಎರಡು ಸಲ ಬಂದಿದೆ ಎಂದು ತಿದ್ದಿ ಬರೆದವರು ನೀವು. ನಿಂಬೆಕಾಯಿ ಉಪ್ಪಿನಕಾಯಿ ಕಳಿಸಿದರೆ ಹೋಳು ಮೂವತ್ತೊಂದು ಬಂದು ಮುಟ್ಟಿದವು ಎಂದು ಬರೆದವರು ನೀವು. ಉಪ್ಪಿನಕಾಯಿಯ ಹೋಳು ಎಣಿಸುವ ಗಂಡಸಿಗೆ ಯಾವ ಮರೆವು ಬರುತ್ತದೆ? ಖಾಪರಖೇಡಾದ ಕಡೆ ಕಲ್ಲಿದ್ದಲು ಹೋಗುವ ದಾರಿಗೆ ನೀವು ನಕ್ಷೆ ಬರೆದ ಮೋರಿ ಇದೆಯಲ್ಲ, ಅದರ ಮೇಲೆ ಇವತ್ತಿಗೂ ದಿನಕ್ಕೆ ಎಷ್ಟೋ ವ್ಯಾಗನ್ ಹೋಗುತ್ತವೆ, ಒಂದು ಕಲ್ಲೂ ಅಲುಗಿಲ್ಲವೆಂದು ಪಕ್ಕದ ಮನೆಯವರು ಹೇಳುತ್ತಾರೆ.

ಮಾಸ್ತರರು ಒಂದು ಮಾತು ಬರೆಯಲು ಹೇಳಿದ್ದಾರೆ. ಜೂನ್‌ನಿಂದ ಅವರು ದಾಳ ಮುಟ್ಟಿಲ್ಲವಂತೆ. ಆ ದಿನ ಯಾವ ಹಡಗು ಎಲ್ಲಿ ನಿಂತಿತ್ತು, ಗಾಳಿ ಎತ್ತ ಇತ್ತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಆಟ ಮುಗಿದಿಲ್ಲ, ನಿಂತಿದೆ ಅಷ್ಟೆ, ಸರದಿ ನಿಮ್ಮದು, ನೀವು ಬಂದು ದಾಳ ಹಾಕುವ ತನಕ ಕಂಪನಿಯ ಹಡಗು ಅಲ್ಲೇ ನಿಂತಿರುತ್ತದೆ ಎಂದಿದ್ದಾರೆ. ಸೀರೆಯನ್ನು ನಾನು ಒಗೆದು ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ.

ಪ್ರಭಾ ನಮಸ್ಕಾರ ತಿಳಿಸಿದ್ದಾಳೆ, ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವುದು ಅವಳ ಪಾಲಿನ ಕೆಲಸ. ಕೃಷ್ಣವೇಣಿಬಾಯಿ ನಿಮಗೆಂದು ಚಕ್ಕಲಿ ಕೊಟ್ಟಿದ್ದಾರೆ, ಮುರಿಯದಂತೆ ಕಳಿಸುವ ಉಪಾಯ ತಿಳಿಯದೆ ನಾವೇ ತಿನ್ನುತ್ತಿದ್ದೇವೆ. ದೇವರು ನಿಮ್ಮ ಕೈಯನ್ನೂ ಕಣ್ಣನ್ನೂ ಹೊಟ್ಟೆಯನ್ನೂ ಚೆನ್ನಾಗಿ ಇಟ್ಟಿರಲಿ.

ನಿಮ್ಮ ದಾರಿ ನೋಡುತ್ತಿರುವ,
ಸತ್ಯಭಾಮಾ

ತಾ. ಕ.: ಮಾಸ್ತರರು ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಕಲ್ಕತ್ತಾ ಮೇಲ್ ಬರುವ ಮೊದಲು ಸ್ಟೇಶನ್ನಿನಲ್ಲೇ ಇದನ್ನು ಹಾಕಬೇಕಂತೆ. ಇಷ್ಟುದ್ದ ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ಎಂಟು ದಿನದಲ್ಲಿ ಮೂರು ಸಲ ಬರೆದು ಹರಿದೆ. ಹದಿಮೂರನೆಯ ತೋಪು ನಿಮ್ಮದಲ್ಲ, ನನ್ನದು. ಆ ಭಾನುವಾರ ನೀವು ಜಳಕಕ್ಕೆ ಹೋದಾಗ, ಹಡಗಿಗೆ ಯಾರ ಕಣ್ಣೂ ತಾಗದಿರಲಿ ಎಂದು ಪ್ರಭಾಳ ಕಾಡಿಗೆ ತೆಗೆದು ದೃಷ್ಟಿಬೊಟ್ಟು ಇಟ್ಟೆ. ಅವಳ ಕೆನ್ನೆಗೆ ಇಡುತ್ತಿದ್ದ ಹಾಗೆ ಎಲ್ಲೆಂದರಲ್ಲಿ ಇಟ್ಟರೆ ಹಡಗಿನ ಅಂದ ಕೆಟ್ಟೀತೆಂದು, ನಿಮ್ಮ ಬೆಂಕಿಕಡ್ಡಿಯಿಂದಲೇ, ಸಾಲಿನ ಕೊನೆಗೆ, ಅಂತರ ನೋಡಿ, ಅಷ್ಟೇ ದುಂಡಗೆ ಇಟ್ಟೆ. ವಕ್ರವಾಗಿ ಇಟ್ಟಿದ್ದರೆ ನಿಮಗೆ ಆಗಲೇ ತಿಳಿಯುತ್ತಿತ್ತು, ನಿಮ್ಮ ಜೊತೆ ಹದಿನೆಂಟು ವರ್ಷ ಇದ್ದು ನನಗೂ ಅಚ್ಚುಕಟ್ಟು ಬಂದುಬಿಟ್ಟಿದೆ. ದಸರೆಯ ದಿನ ಅವರೆಲ್ಲ ಹೋದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದ ಹತ್ತಿಯಿಂದ ಆ ಸಾಲನ್ನು ಒರೆಸಿದೆ. ನಿಮ್ಮ ಹನ್ನೆರಡೂ ಅಲುಗಲಿಲ್ಲ, ನನ್ನದೊಂದು ಹತ್ತಿಗೆ ಬಂತು. ಆ ಹತ್ತಿಯನ್ನು ಟ್ರೇಸಿಂಗ್ ಬಟ್ಟೆಯಲ್ಲಿ ಮಡಚಿ ಇದರೊಳಗೆ ಇಟ್ಟಿದ್ದೇನೆ, ನೀವೇ ನೋಡಿ. ನಿಮಗೆ ನೆನಪಿಲ್ಲದ್ದು ಯಾಕೆಂದರೆ ನೀವು ಅದನ್ನು ಇಡಲೇ ಇಲ್ಲ. ನಿಮ್ಮ ಎಣಿಕೆ ಬರೋಬರ್ ಇತ್ತು, ಇದೆ. ನನ್ನ ಒಂದು ಬೊಟ್ಟಿಗೆ ನೀವು ನಾಲ್ಕು ತಿಂಗಳು ಸುಟ್ಟುಕೊಂಡಿರಿ, ನನ್ನನ್ನು ಕ್ಷಮಿಸಿ. ಮಾಸ್ತರರಿಗೆ ಇನ್ನೂ ಹೇಳಿಲ್ಲ, ಈಗ ಕಾಗದ ಕೊಡುವಾಗ ಹೇಳುತ್ತೇನೆ. ಸಹಿ ಮಾಡಬೇಡಿ, ಬನ್ನಿ. ಈ ಹಾಳೆಯ ಕೆಳಗಿನ ಮೂಲೆಯಲ್ಲಿರುವ ಕರಿ ಚುಕ್ಕೆ ಮಸಿ ಚೆಲ್ಲಿದ್ದಲ್ಲ. ಅದನ್ನೂ ನಾನೇ ಇಟ್ಟೆ, ಈ ಸಲ ಹೇಳಿ ಇಟ್ಟಿದ್ದೇನೆ.